ಕಾಕಾಗ ಮೂರ್ತಿ ಬ್ಯಾಡ, ರಂಜಣಗಿ ತುಂಬ್ರಿ

ಮಾನ್ಯ ಸಂಪಾದಕರೇ, ಶರಣು ಶರಣಾರ್ಥಿ.

ಹೋದ ವಾರ ನಿಮ್ಮ ಪೇಪರ್‌ನ ಜಿಲ್ಲಾ ಪುಟದಾಗ, ಬಂಗಾರದ ಅಂಗಡಿ ಜಾಹೀರಾತಿನ ಕೆಳಗ, ನಾಕು ಸಾಲಿನ ಒಂದು ಸುದ್ದಿ ಬಂದಿತ್ತು. "ಅಮೆರಿಕ ನಿವಾಸಿ ಖ್ಯಾತ ವೈದ್ಯ, ಕೊಡುಗೈ ದಾನಿ ನಿಧನ" ಅಂತ ಹೆಡ್ಡಿಂಗು. ಓದಿ ನನಗ ಚಾ ಗಂಟಲದಾಗ ಇಳೀಲಿಲ್ಲ ನೋಡ್ರಿ. ಖ್ಯಾತ ಅಂತೂ ಅವರು ಅಲ್ಲೇ ಅಲ್ಲ, ಅಲ್ಲೂ ಅಲ್ಲ ಇಲ್ಲೂ ಅಲ್ಲ. ದಾನಿ ಅನ್ನೋದು ಅದಕ್ಕಿಂತ ತಪ್ಪು, ರಸೀದಿ ಪುಸ್ತಕ ಹಿಡ್ಕೊಂಡು ಬಂದೋರಿಗೆ ಕಾಕಾ ಹತ್ತು ರೂಪಾಯಿ ಕೊಡಲಿಕ್ಕೂ ಅರ್ಧ ತಾಸು ಸವಾಲ್ ಕೇಳ್ತಿದ್ರು, ಇದು ಅವರ ಮನಿ ಓಣಿಯೊಳಗಿನ ಎಲ್ಲಾರಿಗೂ ಗೊತ್ತದ. ಪೇಪರ್‌ನೋರ ತಪ್ಪು ಅಂತ ಬೈಲಿಕ್ಕ ಈ ಪತ್ರ ಬರೀತಿಲ್ಲ ಸರ್, ಯಾರೋ ವಾಟ್ಸಪ್‌ನಾಗ ಕಳಿಸಿದ್ದು ನೀವು ಹಾಕೀರಿ ಅಷ್ಟೇ. ಆದ್ರ ಆ ನಾಕು ಸಾಲು ಹಿಡ್ಕೊಂಡು ಈಗ ಕೆಲವು ಮಂದಿ ಮೂರ್ತಿ ಕೂಡಸ್ತೀವಿ, ಸರ್ಕಲ್‌ಗೆ ಹೆಸರಿಡ್ತೀವಿ ಅಂತ ಹೊಂಟಾರ, ಅದಕ್ಕ ಬರೀಬೇಕಾತು.

ಹೆಸರು ನಾನೂ ಬರೆಯಂಗಿಲ್ಲ. ಅವರ ಮಗಳು ಫೋನ್‌ನಾಗ ಅದೊಂದೇ ಮಾತು ಕೇಳ್ಕೊಂಡಾಳ, "ಅಣ್ಣಾ, ಅಪ್ಪಾಜಿ ಹೆಸರು ಎಲ್ಲೂ ಬರಸಬ್ಯಾಡ್ರಿ, ಕಲ್ಲಿನ ಮ್ಯಾಲಂತೂ ಬ್ಯಾಡೇ ಬ್ಯಾಡ" ಅಂತ. ನಾವೆಲ್ಲಾ ಡಾಕ್ಟರ್ ಕಾಕಾ ಅಂತಿದ್ವಿ, ಬ್ಯಾಸಿಗಿಗೆ ಬಸ್ ಸ್ಟ್ಯಾಂಡ್ ಎದುರು ರಂಜಣಗಿಯಾಗ, ಅಂದ್ರ ಮಣ್ಣಿನ ದೊಡ್ಡ ಗಡಿಗ್ಯಾಗ, ಬಂದೋರಿಗೆ ಕುಡಿಯೋ ನೀರು ಇಡ್ತಿದ್ದೋರು. ಗೊತ್ತಿದ್ದೋರಿಗೆ ಗೊತ್ತಾಗ್ತದ.

ನಾನು ಯಾರು ಅಂದ್ರ, ನಿವೃತ್ತ ಬಸ್ ಕಂಡಕ್ಟರ್. 1986ಕ್ಕ ಡ್ಯೂಟಿಗೆ ಸೇರಿ 2022ಕ್ಕ ಇಳಿದೆ. ಅಷ್ಟರೊಳಗ ನಮ್ಮ ನಿಗಮದ ಹೆಸರು ಎರಡು ಸಲ ಬದಲಾತು, ಊರಿನ ಹೆಸರೂ ಗುಲ್ಬರ್ಗಾ ಹೋಗಿ ಕಲಬುರಗಿ ಆತು, ನನ್ನ ಸೀಟಿ ಮಾತ್ರ ಅದೇ ಇತ್ತು. ಕಾಕಾಗೂ ನನಗೂ ರಕ್ತಸಂಬಂಧ ಇಲ್ಲ, ಜಾತಿನೂ ಒಂದಲ್ಲ. ಲಗೇಜ್ ಟಿಕೆಟ್‌ನಿಂದ ಶುರುವಾದ ಸಂಬಂಧ ಅದು, ಅದನ್ನೇ ಮೊದಲು ಹೇಳ್ತೀನಿ.

1993, ಸೆಪ್ಟೆಂಬರ್ 30. ಗಣಪತಿ ಕಳಿಸಿ ಬಂದು ಮಲಗಿದ್ವಿ, ಮುಂಜಾನಿ ನಾಕು ಬಡಿಲಿಕ್ಕ ಇನ್ನೂ ನಾಕು ನಿಮಿಷ ಇತ್ತು, ಭೂಮಿ ಅಳ್ಳಾಡ್ತು. ನಮ್ಮ ಮನ್ಯಾಗ ಮಾಡದಾಗಿನ ಡಬ್ಬಿ ಬಿದ್ದವು ಅಷ್ಟೇ, ಆದ್ರ ಗಡಿ ಆ ಕಡಿ ಮಹಾರಾಷ್ಟ್ರದ ಕಿಲ್ಲಾರಿ, ಸಾಸ್ತೂರ್ ಕಡಿ ಊರಿಗೆ ಊರೇ ನೆಲಸಮ ಆಗಿ ಹತ್ರ ಹತ್ರ 10 ಸಾವಿರ ಮಂದಿ ಸತ್ರು. ಅಲ್ಲಿ ಮನಿ ಅಂದ್ರ ನಮ್ಮ ಆಳಂದ ಕಡಿ ಇದ್ದಂಗೇ, ಎರಡು ಮೊಳ ದಪ್ಪ ಕಲ್ಲು ಮಣ್ಣಿನ ಗ್ವಾಡಿ, ಮ್ಯಾಲ ಮಣ್ಣಿನ ಮಾಳಗಿ, ಬ್ಯಾಸಿಗಿಗೆ ತಂಪು ಇರ್ತದ ಅಂತ ಕಟ್ಟಿದ್ದೇ ಮಲಗಿದವರ ಮ್ಯಾಲ ಬಿತ್ತು. ಅದಾಗಿ ಒಂದು ವಾರಕ್ಕ ಇರಬೇಕು, ನಾನು ಆಳಂದ ಮ್ಯಾಲ ಉಮರ್ಗಾಕ್ಕ ಹೋಗೋ ಬಸ್ಸಿನ ಮ್ಯಾಲ ಇದ್ದೆ. ಒಬ್ರು ಎರಡು ದೊಡ್ಡ ಸೂಟ್‌ಕೇಸ್ ಹಿಡ್ಕೊಂಡು ಹತ್ತಿದ್ರು, ಮೈಮ್ಯಾಲ ಮಾಸಿದ ಅಂಗಿ, ಕಾಲಾಗ ಮಾತ್ರ ಫಾರಿನ್ ಬೂಟು. ನಾ ಲಗೇಜ್ ಮಾಡಸ್ರಿ ಅಂದೆ. ಒಂದು ಮಾತಾಡ್ಲಿಲ್ಲ, ಚಿಲ್ಲರ ಎಣಿಸಿ ಕೊಟ್ಟು, ಟಿಕೆಟ್ ಹರದು ಕೊಡು ತಮ್ಮಾ ಅಂದ್ರು. ಉಮರ್ಗಾದಾಗ ಸೂಟ್‌ಕೇಸ್ ಇಳಸಲಿಕ್ಕ ಹೋದ್ರ ಒಂದರ ಕೊಂಡಿ ಬಿಚ್ಚಿ ಒಳಗಿಂದೆಲ್ಲಾ ರಸ್ತಾದ ಮ್ಯಾಲ ಬಿತ್ತು, ನೋಡಿದ್ರ ಹತ್ತಿ, ಹೊಲಿಗಿ ಹಾಕೋ ದಾರ, ಸಣ್ಣ ಹುಡುಗರ ಸಲೈನ್ ಸೂಜಿ. ಅಮೆರಿಕಾದಿಂದ ರಜಾ ಹಾಕಿ ಬಂದಿದ್ರು. ನನಗ ಭೂಮಿ ಬಾಯಿ ತೆರೀಬಾರದಾ ಅನಸ್ತು, ಲಗೇಜ್ ರೊಕ್ಕ ವಾಪಸ್ ಕೊಡಲಿಕ್ಕ ಹೋದೆ. "ಸರ್ಕಾರದ ರೊಕ್ಕ ನೀ ಹೆಂಗ ವಾಪಸ್ ಕೊಡ್ತಿಯೋ, ನಾಳಿ ಬರೋವಾಗ ಎರಡು ಕ್ಯಾನ್ ಕುಡಿಯೋ ನೀರು ತಗೊಂಬಾ, ಅಲ್ಲಿ ಅದೇ ಇಲ್ಲ" ಅಂದ್ರು. ಹನ್ನೊಂದು ದಿನ ನಾನೂ ನಮ್ಮ ಡ್ರೈವರೂ ದಿನಾ ಡ್ರೈವರ್ ಸೀಟಿನ ಹಿಂದ ಎರಡು ಕ್ಯಾನ್ ಇಟ್ಕೊಂಡು ಹೋದ್ವಿ. ಅದಕ್ಕ ಲಗೇಜ್ ಹರಿಲಿಲ್ಲ ಅಂತ ಈಗ ಒಪ್ಕೊಂಡ್ರ ಪೆನ್ಶನ್ ನಿಲ್ಲಸಲಿಕ್ಕಿಲ್ಲ ಅಂತ ನಂಬೀನಿ.

ಕಾಕಾ ಹುಟ್ಟಿದ್ದು ಆಳಂದ ತಾಲೂಕಿನ ಒಂದು ಹಳ್ಳ್ಯಾಗ, 1948ಕ್ಕ ನಿಜಾಮನ ಮ್ಯಾಲ ಪೊಲೀಸ್ ಆ್ಯಕ್ಷನ್ ಆದಾಗ ಎರಡು ವರ್ಷದ ಕೂಸು. ಅವರವ್ವ ಅವರನ್ನ ಬಗಲಾಗ ಹಾಕ್ಕೊಂಡು ರಜಾಕಾರರ ಕಾಟಕ್ಕ ಸೋಲಾಪುರ ಕಡಿ ಓಡಿ ಹೋಗಿದ್ದಳಂತ. ಮಹಾದೇವಪ್ಪ ರಾಂಪೂರೆ ಮೆಡಿಕಲ್ ಕಾಲೇಜು 1963ಕ್ಕ ಶುರುವಾತಲ್ಲ, ಅದರ ಮೊದಮೊದಲಿನ ಬ್ಯಾಚಿನ ಹುಡುಗ್ರೊಳಗ ಇವರೊಬ್ರು. ಈ ಕಾಲೇಜು ಇರದಿದ್ರ ನಾ ಎತ್ತಿನ ಹಿಂದೇ ಇರ್ತಿದ್ದೆ ಅಂತ ಯಾವಾಗ್ಲೂ ಅನ್ನೋರು. ಆವಾಗ ಅಮೆರಿಕಾದಾಗ 1965ರ ಹೊಸ ಕಾನೂನು ಬಂದು ಏಷ್ಯಾದೋರಿಗೆ ಬಾಗಿಲು ತೆರೆದಿತ್ತು, ಡಾಕ್ಟರ್‌ಗಳ ಕೊರತಿನೂ ಇತ್ತು. 1971ಕ್ಕ ಹೊರದೇಶದ ಡಾಕ್ಟರ್‌ಗಳಿಗೆ ಅಮೆರಿಕಾದೋರು ಇಡೋ ಇಸಿಎಫ್‌ಎಂಜಿ ಪರೀಕ್ಷಾ ಪಾಸಾಗಿ ಡೆಟ್ರಾಯಿಟ್‌ಗೆ ಹೋದ್ರು. ಆವಾಗಿನ ರೂಲ್ಸ್ ಪ್ರಕಾರ ಕಿಸೆದಾಗ 8 ಡಾಲರ್ ಇಟ್ಕೊಂಡು ಹೋಗಬಹುದಿತ್ತು, ಅಷ್ಟೇ ಇತ್ತು. ಡೆಟ್ರಾಯಿಟ್‌ನೊಳಗ 1967ಕ್ಕ ಪೊಲೀಸರಿಗೂ ಕರಿಯ ಮಂದಿಗೂ ದೊಡ್ಡ ಗಲಾಟಿ ಆಗಿ 43 ಮಂದಿ ಸತ್ತಿದ್ರು, ಬಿಳಿ ಮಂದಿ ಊರು ಬಿಟ್ಟು ಹೊರಗ ಹೋಗಲಿಕ್ಕ ಹತ್ತಿದ್ರು. ಊರ ನಡುವಿನ ಬಡವರ ಆಸ್ಪತ್ರಿಗಳಿಗೆ ಬರಲಿಕ್ಕ ಒಪ್ಪಿದವರು ಯಾರಪಾ ಅಂದ್ರ ಇಂಥಾ ಫಿಲಿಪೈನ್ಸ್‌ನೋರು, ನಮ್ಮ ಕಡಿಯೋರು. ಕಾಕಾ ಮಕ್ಕಳ ಡಾಕ್ಟರ್ ಆಗಿ ಅಲ್ಲೇ 37 ವರ್ಷ ತೆಗೆದ್ರು. ಊರ ಹೊರಗ ದೊಡ್ಡ ಮನಿ ಮಾಡಿ ಎಂದೂ ಹೋಗಲಿಲ್ಲ ಅಂತ ಅಲ್ಲ, ಹೋದ್ರು, ಹೆಂಡತಿ ಕೇಳಬೇಕಲ್ರಿ. ಡ್ಯೂಟಿ ಮಾತ್ರ ಬದಲಿ ಮಾಡಲಿಲ್ಲ.

ಅವರ ದೇವರು ಧರ್ಮದ ಬಗ್ಗೆ ಮೊನ್ನಿ ನುಡಿನಮನ ಸಭಾದ ಭಾಷಣದಾಗ ಏನೇನೋ ಹೇಳಿದ್ರು. ನಾ ನೋಡಿದ್ದು ಇಷ್ಟು. ಮುಂಜಾನಿ ಐದಕ್ಕ ಏಳೋದು, ಸ್ನಾನ, ಹಣಿಗೆ ವಿಭೂತಿ, ಅಂಗೈಯಾಗ ಲಿಂಗ ಇಟ್ಕೊಂಡು ಇಪ್ಪತ್ತು ನಿಮಿಷ ಸುಮ್ನ ಕೂಡೋದು, ಎರಡು ವಚನ ಅನ್ನೋದು, ಮುಗೀತು. ಗಂಟಿ ಇಲ್ಲ, ಜಾಗಟಿ ಇಲ್ಲ. ಲಿಂಗ ಇಡೋ ಕೊಳ್ಳಾಗಿನ ಬೆಳ್ಳಿ ಕರಡಿಗಿ ಮಾತ್ರ ಎಂದೂ ತೆಗೀಲಿಲ್ಲ. 2001ರೊಳಗ ನ್ಯೂಯಾರ್ಕ್‌ದಾಗ ಆ ದಾಳಿ ಆದ ಮ್ಯಾಲ ಏರ್‌ಪೋರ್ಟ್‌ನಾಗ ಪ್ರತಿ ಸಲ ಹಿಡಿದು ನಿಲ್ಲಸ್ತಿದ್ರಂತ, ಇದೇನು ಬಿಚ್ಚು ಅಂತ. ಕಾಕಾ ತಾವೇ ಬಿಚ್ಚಿ ತೋರಿಸಿ, "ಇದು ನನ್ನ ದೇವರು, ನೀ ಮುಟ್ಟಿದ್ರ ಮೈಲಿಗಿ ಏನಾಗಂಗಿಲ್ಲ, ಕೆಳಗ ಕೆಡವಬ್ಯಾಡ ಅಷ್ಟೇ" ಅನ್ನೋರಂತ. ಒಬ್ಬ ಕರಿಯ ಆಫೀಸರ್ ಎರಡೂ ಕೈಲೆ ಹಿಡಿದು ಕಣ್ಣಿಗೆ ಒತ್ತಿಕೊಂಡು ವಾಪಸ್ ಕೊಟ್ನಂತ, ಅದನ್ನ ಹೇಳೋವಾಗೊಮ್ಮೆ ಕಾಕಾನ ದನಿ ಸಣ್ಣದಾಗ್ತಿತ್ತು.

ಡೆಟ್ರಾಯಿಟ್‌ನಾಗ ಶನಿವಾರಕ್ಕೊಮ್ಮೆ ಕಪುಚಿನ್ ಅನ್ನೋ ಕ್ರೈಸ್ತ ಪಂಥದ ಫಾದರ್‌ಗಳು ನಡಸೋ ಅನ್ನಛತ್ರಕ್ಕ ಹೋಗ್ತಿದ್ರು. 1929ಕ್ಕ, ಅಲ್ಲಿ ಕಾರ್ಖಾನಿ ಎಲ್ಲಾ ಮುಚ್ಚಿ ಮಂದಿ ಊಟಕ್ಕಿಲ್ಲದ ಕಾಲಕ್ಕ ಶುರುವಾಗಿದ್ದಂತ ಅದು, ಇನ್ನೂ ನಡದದ. ಡಾಕ್ಟರ್ ಅಂತ ಅಲ್ಲಿ ಯಾರಿಗೂ ಹೇಳಿರಲಿಲ್ಲ, ತಾಟು ತೊಳೆಯೋ ಕೆಲಸ. ನಮ್ಮ ಶರಣಬಸವೇಶ್ವರ ಗುಡಿ ದಾಸೋಹಕ್ಕೂ ಇದಕ್ಕೂ ಏನು ಫರಕ್ಕು ಅಂತ ನಾ ಒಮ್ಮೆ ಕೇಳಿದ್ದಕ್ಕ, ಅಲ್ಲಿ ಬಿಸಿನೀರು ನಳದಾಗ ಬರ್ತದ ಅಂದ್ರು. ಅವರ ಅಧ್ಯಾತ್ಮ ಅಂದ್ರ ಹೆಚ್ಚುಕಡಿಮಿ ಈ ನಮೂನಿದೇ ಇತ್ತು. ಹಂಗೇ ಊರಿಂದ ಹೊಸದಾಗಿ ಓದಲಿಕ್ಕ ಹೋದ ಹುಡುಗ್ರನ್ನ ಏರ್‌ಪೋರ್ಟ್‌ನಿಂದ ಕರಕೊಂಡು ಬರೋದು, ಚಳಿ ಕೋಟು ಕೊಡಸೋದು, ಯಾರಾರ ಸತ್ರ ಹೆಣ ಊರಿಗೆ ಕಳಿಸೋ ಕಾಗದಪತ್ರಕ್ಕ ಓಡಾಡೋದು. ಈ ಕೊನೀದು ಕೆಟ್ಟ ಕೆಲಸ ರೀ, ಯಾರೂ ಮುಂದ ಬರಂಗಿಲ್ಲ. ಎಷ್ಟು ಹೆಣ ಕಳಿಸೀರಿ ಅಂದ್ರ ಎಣಿಸಿಲ್ಲ ಅನ್ನೋರು.

ಇನ್ನ ಎಳ್ಳ ಅಮಾಸಿ ಕತಿ ಹೇಳಲೇಬೇಕು. ನಮ್ಮ ಕಲಬುರಗಿ ಬೀದರ್ ಮಂದಿಗೆ ಯುಗಾದಿ ದೀಪಾವಳಿಗಿಂತ ಇದು ದೊಡ್ಡ ಹಬ್ಬ ಅನ್ನೋದು ಬೆಂಗಳೂರು ಕಡಿಯೋರಿಗೆ ಎಷ್ಟು ಹೇಳಿದ್ರೂ ತಿಳಿಯಂಗಿಲ್ಲ. ಭಜ್ಜಿ, ಸಜ್ಜಿ ಕಡುಬು, ಅಂಬಲಿ ಕಟಗೊಂಡು ಹೊಲಕ್ಕ ಹೋಗಿ ಚರಗ ಚೆಲ್ಲಬೇಕು. ಡೆಟ್ರಾಯಿಟ್‌ನಾಗ ಆ ಟೈಮಿಗೆ ಮೊಣಕಾಲ ತನಕ ಬರ್ಫ. ಕಾಕಾ ಏನ್ ಮಾಡ್ತಿದ್ರಂದ್ರ ಮನಿ ಹಿತ್ತಲದಾಗ, ಕೋಟು ಕುಲಾಯಿ ಹಾಕ್ಕೊಂಡು, ಆ ಬರ್ಫದ ಮ್ಯಾಲೇ ಚರಗ ಚೆಲ್ಲಿ "ಹುಲ್ಲುಲಿಗೋ" ಅಂತ ಒದರ್ತಿದ್ರು. ಮೊದಲನೇ ವರ್ಷ ಬಾಜು ಮನಿ ಮುದುಕಿ ಹೆದರಿ ಏನಾತು ಡಾಕ್ಟ್ರೇ ಅಂತ ಓಡಿ ಬಂದಳಂತ. ಹಿಂಗಿಂಗ, ಭೂಮಿತಾಯಿಗೆ ಉಣಸ್ತೀವಿ ಅಂದ್ರ, ಭೂಮಿ ಕೆಳಗ ಎಲ್ಲೋ ಅದಲ್ಲ, ಬರ್ಫದ ಮ್ಯಾಲ ಹಾಕಿದ್ರ ಅಕಿಗೆ ಮುಟ್ತದೇನು ಅಂದಳಂತ. ಕಾಕಾ ಅಂದಿದ್ದು, ಮಾರ್ಚ್‌ನಾಗ ಕರಗಿದ ಮ್ಯಾಲ ಮುಟ್ತದ ಬಿಡ್ರಿ, ನಮ್ಮ ದೇಶದಾಗ ಪೋಸ್ಟ್ ಲೇಟ್ ಮುಟ್ಟೋದು ರೂಢಿ ಅದ.

ಪೋಸ್ಟ್ ಅಂದ ಕೂಡ್ಲೇ ಇನ್ನೊಂದು ನೆನಪಾತು, ಇದನ್ನ ಬರೀಲೋ ಬ್ಯಾಡೋ ಅಂತ ಎರಡು ದಿನ ವಿಚಾರ ಮಾಡೀನಿ. 1979ರ ಮೇ ತಿಂಗಳು, "ಮದರ್ ಸೀರಿಯಸ್ ಸ್ಟಾರ್ಟ್ ಇಮೀಡಿಯಟ್ಲಿ" ಅಂತ ತಾರು ಬಂತು. ತಾರು ಬಂದಿದ್ದೇ ತಡಾ ಆಗಿತ್ತು, ಟಿಕೆಟ್ ಮಾಡಿಸಿ, ಬಾಂಬೆಕ್ಕ ಇಳಿದು, ರೈಲಿನ್ಯಾಗ ಗುಲ್ಬರ್ಗಾ ಮುಟ್ಟಿ, ಹಳ್ಳಿಗೆ ಹೋಗೋದ್ರೊಳಗ ಅವ್ವನ ಮಣ್ಣಾಗಿ ಐದನೇ ದಿನ. ಕೊನೀ ಗಳಿಗ್ಯಾಗ ಬಾಯಾಗ ನೀರು ಬಿಟ್ಟಿದ್ದು ಮಗ ಅಲ್ಲ, ಬಾಜು ಮನಿ ಸಾಬರ ಮುದುಕಿ. ಕಾಕಾ ಇದನ್ನ ನನಗ ಒಮ್ಮೆನೇ ಹೇಳಿದ್ದು, ಅದೂ ರಂಜಣಗಿ ತಿಕ್ಕೋವಾಗ, ನನ್ನ ಮುಖ ನೋಡದೇ. ನಾನೂ ಏನೂ ಅನ್ನಲಿಲ್ಲ, ತೆಂಗಿನ ನಾರು ಕೇಳಿದ್ರು, ಕೊಟ್ಟೆ.

ಬೀದರ್‌ಗೆ ಹೋಗದ ವರ್ಷ ಇಲ್ಲ. ಅಲ್ಲಿ ನಾನಕ್ ಝೀರಾ ಗುರುದ್ವಾರದಾಗ ಗುರುನಾನಕರು ಕಲ್ಲು ಸರಿಸಿ ನೀರು ಹರಿಸಿದ್ರು ಅನ್ನೋ ಪ್ರತೀತಿ ಅದಲ್ಲ, ಆ ಝರಿ ನೀರು ಬೊಗಸಿಲೆ ಕುಡಿದು, ಲಂಗರ್‌ನಾಗ ಉಂಡು, ಆಮ್ಯಾಲ ಇಲ್ಲೂ ತಾಟು ತೊಳಿಲಿಕ್ಕ ಕೂಡೋರು. ಸಿಖ್ಖರ ಗುರು ಗೋವಿಂದಸಿಂಗರು ಮೊದಲು ದೀಕ್ಷಾ ಕೊಟ್ಟ ಐದು ಮಂದಿ, ಪಂಚ ಪ್ಯಾರೆಗಳೊಳಗ ಒಬ್ರು, ಭಾಯಿ ಸಾಹಿಬ್ ಸಿಂಗ್, ನಮ್ಮ ಬೀದರಿನೋರು ಅಂತ ಅಲ್ಲಿ ಅಮೆರಿಕಾದಾಗ ಸರ್ದಾರ್ಜಿಗಳಿಗೆ ಹೇಳಿ ಹೇಳಿ ದೋಸ್ತಿ ಮಾಡ್ಕೊಂಡಿದ್ರು. 2001ರ ಸೆಪ್ಟೆಂಬರ್ 15ಕ್ಕ ಅರಿಜೋನಾದಾಗ ಬಲಬೀರ್ ಸಿಂಗ್ ಸೋಧಿ ಅಂತ ಒಬ್ರು ಪೆಟ್ರೋಲ್ ಪಂಪಿನ ಮಾಲೀಕರನ್ನ, ಪೇಟಾ ಗಡ್ಡ ನೋಡಿ ಭಯೋತ್ಪಾದಕ ಅಂತ ತಿಳಿದು ಗುಂಡು ಹೊಡೆದ್ರಲ್ಲ, ಅದಾದ ಮ್ಯಾಲ ಎಷ್ಟೋ ವಾರ ಕಾಕಾ ರವಿವಾರಕ್ಕೊಮ್ಮೆ ಗುರುದ್ವಾರದ ಬಾಗಿಲಿಗೆ ಹೋಗಿ ನಿಲ್ತಿದ್ರಂತ. ಏನು ಮಾಡ್ತಿದ್ರಿ ನಿಂತು ಅಂದ್ರ, ಏನಿಲ್ಲ, ಚಪ್ಪಲಿ ಕಾಯ್ತಿದ್ದೆ ಅಂದ್ರು. ಬೀದರ್‌ನಿಂದ ಬರೋವಾಗ ನೌಬಾದಿನ ಕಾರೇಜ್ ತೋರಸಲಿಕ್ಕ ನನ್ನ ಎರಡು ಸಲ ಕರಕೊಂಡು ಹೋಗ್ಯಾರ. ಬಹಮನಿ ಸುಲ್ತಾನರ ಕಾಲಕ್ಕ, 15ನೇ ಶತಮಾನದಾಗ, ಜಂಬಿಟ್ಟಿಗಿ ಕಲ್ಲು ಕೊರದು ನೆಲದೊಳಗ ನೀರಿನ ಕಾಲುವಿ ಮಾಡ್ಯಾರ, ಇರಾನಿನ ತಂತ್ರ, ಅಲ್ಲಲ್ಲಿ ಬಾವಿಹಂಗ ಕಿಂಡಿ ಬಿಟ್ಟಾರ. ಬಗ್ಗಿ ಬಗ್ಗಿ ನೋಡಿ, ಪರದೇಶದಿಂದ ಬಂದೋರು ಇಲ್ಲಿ ಮಂದಿಗೆ ನೀರು ಕೊಟ್ಟು ಹೋಗ್ಯಾರ ನೋಡು, ಅನ್ನೋರು. ತಾವೂ ಅಲ್ಲಿ ಪರದೇಶದೋರೇ ಅನ್ನೋದು ತಲ್ಯಾಗ ಇತ್ತೋ ಏನೋ.

ಫ್ಲಿಂಟ್ ಅನ್ನೋ ಊರಿನ ಹೆಸರು ನಮ್ಮ ಕಡಿ ಭಾಳ ಮಂದಿ ಕೇಳಿರಲಿಕ್ಕಿಲ್ಲ. ಡೆಟ್ರಾಯಿಟ್‌ನಿಂದ ಕಾರಿನ್ಯಾಗ ಒಂದು ತಾಸಿನ ದಾರಿ, ಆವಾಗ ಲಕ್ಷದ ಹತ್ರ ಜನಸಂಖ್ಯೆ, ಅರ್ಧಕ್ಕಿಂತ ಹೆಚ್ಚು ಕರಿಯ ಮಂದಿ, ಬಡವರು. 2014ರ ಏಪ್ರಿಲ್‌ನಾಗ ರೊಕ್ಕ ಉಳಸಲಿಕ್ಕ ಅಂತ ಡೆಟ್ರಾಯಿಟ್‌ನಿಂದ ಬರೋ ಕೆರಿ ನೀರು ಬಿಟ್ಟು ಊರಿನ ಹೊಳಿ ನೀರು ಕೊಡಲಿಕ್ಕ ಶುರು ಮಾಡಿದ್ರು. ಆ ನೀರು ಪೈಪು ತಿನ್ನದಂಗ ಹಾಕೋ ಔಷಧ ಹಾಕಲಿಲ್ಲ, ಹಳೇ ಸೀಸದ ಪೈಪಿನ ಸೀಸ ಎಲ್ಲಾ ನಳದ ನೀರಿಗೆ ಇಳೀತು. ನೀರು ಕೆಂಪಾಗಿ ಬರ್ತದ, ನಾರ್ತದ, ಕೂಸುಗಳ ಮೈಮ್ಯಾಲ ಗುಳ್ಳಿ ಏಳ್ತಾವ ಅಂತ ತಾಯಂದಿರು ಬಾಟಲಿ ತುಂಬಿ ತಗೊಂಡು ಹೋಗಿ ತೋರಿಸಿದ್ರೂ ಏನೂ ಆಗಿಲ್ಲ ಕುಡೀರಿ ಅಂತ ಹೇಳಿ ಕಳಸ್ತಿದ್ರು. ಕಡೀಕ ಮೋನಾ ಹನ್ನಾ ಅತೀಶಾ ಅಂತ ಒಬ್ಬ ಮಕ್ಕಳ ಡಾಕ್ಟರಮ್ಮ, ಅಕಿನೂ ಇರಾಕಿನಿಂದ ಹೋದ ಕುಟುಂಬದಕಿ, 2015ಕ್ಕ ಮಕ್ಕಳ ರಕ್ತದ ಲೆಕ್ಕ ತೆಗೆದು ಮುಂದಿಟ್ಟಳು, ಸೀಸ ಏರೇದ ಅಂತ. ಸೀಸ ಮಕ್ಕಳ ಮೆದುಳಿಗೆ ಹೋದ್ರ ವಾಪಸ್ ಸರಿಮಾಡಲಿಕ್ಕ ಆಗಂಗಿಲ್ಲ. ಕಾಕಾ ಅಷ್ಟೊತ್ತಿಗೆ ರಿಟೈರಾಗಿದ್ರು, 69 ವರ್ಷ. ವಾರಕ್ಕ ಎರಡು ದಿನ ವ್ಯಾನಿನ್ಯಾಗ ಬಾಟಲಿ ನೀರಿನ ಪೆಟ್ಟಿಗಿ ಹೇರ್ಕೊಂಡು ಫ್ಲಿಂಟ್‌ಗೆ ಹೋಗಿ ಮೂರನೇ ಮಹಡಿ ಮುದುಕರ ಮನಿಗೆ ಹೊತ್ತು ಹಾಕಿ ಬರೋರು. ಆ ಊರಾಗೂ ನಮ್ಮೋರ ಒಂದು ವಿಶ್ವನಾಥನ ಗುಡಿ ಅದ, ಅಲ್ಲಿ ಊಟ ಮಾಡಿ ವಾಪಸ್. ಬೆನ್ನು ಹಿಡ್ಕೊಂಡಿದ್ದು ಆವಾಗ್ಲೇ, ಆಮ್ಯಾಲ ಕೊನೀ ತನಕ ನೆಟ್ಟಗ ಆಗಲಿಲ್ಲ. ನನಗ ಫೋನ್ ಮಾಡಿ, "ಏ ತಮ್ಮಾ, ಇಲ್ಲಿ ನಳದಾಗ ದಿನದ 24 ತಾಸು ನೀರು ಬರ್ತದ, ಒಂದು ಹನಿ ಕುಡಿಲಿಕ್ಕ ಬರಂಗಿಲ್ಲ. ನಮ್ಮಲ್ಲಿ ಸರಡಗಿ ಬ್ಯಾರೇಜಿಂದೋ ಬೆಣ್ಣೆತೊರಾದಿಂದೋ ಬರೋ ನೀರು ನಾಕು ದಿನಕ್ಕೊಮ್ಮೆ ಬರಲಿ, ಬಂದಾಗ ಕುಡೀತೀವಿ" ಅಂದಿದ್ರು. ಅವರ ಹತ್ರ ಇಂಥಾ ಲೆಕ್ಕ ಭಾಳ ಇರ್ತಿದ್ದವು.

ಈಗ ಅರವಟಿಗಿ ವಿಷಯಕ್ಕ ಬರ್ತೀನಿ, ಯಾಕಂದ್ರ ಕಲಬುರಗಿ ಮಂದಿಗೆ ಕಾಕಾ ಗೊತ್ತಿದ್ರ ಅದರಿಂದಲೇ ಗೊತ್ತು. ಎನ್ನಾರೈಗಳು ಎಲ್ಲಾರೂ ಡಿಸೆಂಬರ್‌ನಾಗ ಥಂಡಿ ಇರೋವಾಗ ಬಂದು ಮದಿವಿ ಮುಗಿಸಿಕೊಂಡು ಹೋಗ್ತಾರ, ಇವರು ಶಿವರಾತ್ರಿ ಮುಗಿದ ಮ್ಯಾಲ ಬರೋರು. 2011ರಿಂದ ಹತ್ತಿರ ಹತ್ತಿರ ಪ್ರತಿ ವರ್ಷ, ಫೆಬ್ರವರಿ ಕೊನಿಂದ ಮಿರಗದ ಮಳಿ ತನಕ. ಮಂದಿ ಹುಚ್ಚ ಅಂದ್ರು. 44 ಡಿಗ್ರಿ ಬಿಸಲಾಗ ಬಸ್ ಸ್ಟ್ಯಾಂಡ್ ಎದುರಿನ ಬೇವಿನ ಗಿಡದ ಕೆಳಗ ಆರು ರಂಜಣಗಿ, ಆಸ್ಪತ್ರಿ ಗೇಟ್ ಕಡಿ ನಾಕು. ಇದರಾಗ ಏನದ ಅಂತೀರಿ, ಎಷ್ಟೋ ಸಂಘದೋರು ಅರವಟಿಗಿ ಇಡ್ತಾರ, ಬ್ಯಾನರ್ ಕಟ್ಟಿ, ರಿಬ್ಬನ್ ಕತ್ತರಿಸಿ, ಫೋಟೋ ತೆಗೆಸಿ, ಮೂರನೇ ದಿನಕ್ಕ ಗಡಿಗಿ ಒಣಗಿ ಒಳಗ ಗುಟಖಾ ಚೀಟಿ ಬಿದ್ದಿರ್ತಾವ, ನಾವು ನೋಡಿಲ್ಲೇನು. ಇಡೋದು ದೊಡ್ಡದಲ್ಲ, ದಿನಾ ತುಂಬೋದೇ ಕೆಲಸ.

ಕಾಕಾನ ಕಟ್ಟಳಿ ಹಿಂಗಿದ್ದವು. ಪ್ರತಿ ವರ್ಷ ಹೊಸ ಮಣ್ಣಿನ ರಂಜಣಗಿನೇ ಬೇಕು, ಯಾಕಂದ್ರ ನಮ್ಮ ಬೋರ್‌ವೆಲ್ ನೀರಾಗ ಉಪ್ಪು ಜಾಸ್ತಿ, ಒಂದು ಬ್ಯಾಸಿಗಿ ಕಳಿಯೋದ್ರಾಗ ಮಣ್ಣಿನ ಸಣ್ಣ ತೂತು ಎಲ್ಲಾ ಕಟ್ಟಿಕೊಳ್ತಾವ, ಆಮ್ಯಾಲ ಗಡಿಗಿ ಬೆವರಂಗಿಲ್ಲ, ಬೆವರದಿದ್ರ ನೀರು ತಂಪಾಗಂಗಿಲ್ಲ. ಹೊಸಾದ್ದಕ್ಕ ಒಂದು ದಿನ ನೀರು ತುಂಬಿಟ್ಟು ಚೆಲ್ಲಬೇಕು. ಕೆಳಗ ಹಸಿ ಉಸುಕು, ಸುತ್ತ ಗೋಣಿಚೀಲ, ತಾಸಿಗೊಮ್ಮೆ ನೀರು ಚಿಮಕಿಸಬೇಕು. ಕ್ಲೋರಿನ್ ಗುಳಿಗಿ ಲೆಕ್ಕ ಹಿಡಿದು ಹಾಕಬೇಕು. ಯಾರಾರ ಒಳಗ ಕೈ ಅದ್ದಿದ್ರ ಪೂರ್ತಿ ನೀರು ಗಿಡಕ್ಕ. ಮತ್ತ ಎಲ್ಲಕ್ಕಿಂತ ದೊಡ್ಡ ಕಟ್ಟಳಿ, ಯಾರೂ ನಿಂತು ಮ್ಯಾಲಿಂದ ಬೊಗಸಿಗೆ ನೀರು ಸುರೀಬಾರದು. ರಂಜಣಗಿಗೆ ನಳ ಕೂಡಿಸಿ ಸ್ಟೀಲ್ ಗ್ಲಾಸ್ ಇಟ್ಟಿದ್ರು, ಬಂದೋರು ತಾವೇ ಹಿಡ್ಕೊಂಡು ಕುಡಿದು ತೊಳೆದು ಇಡಬೇಕು, ಕಾಕಾನೂ ಅದೇ ಗ್ಲಾಸಿನ್ಯಾಗ ಕುಡೀತಿದ್ರು. ಅವರ ಸಣ್ಣಂದಿನಾಗ ಅವರೂರಿನ ಬಾವಿ ಕಟ್ಟಿ ಕೆಳಗ ಒಂದು ಕೇರಿ ಮಂದಿ ಕೊಡ ಇಟ್ಟು ತಾಸುಗಟ್ಟಲೆ ಕಾಯ್ತಿದ್ರು, ಮ್ಯಾಲ ಇದ್ದೋರು ಮನಸು ಬಂದಾಗ ಎತ್ತರದಿಂದ ಸುರೀತಿದ್ರು, ಹಂಗ ಸುರಿದೋರೊಳಗ ಹತ್ತು ವರ್ಷದ ಕಾಕಾನೂ ಒಬ್ಬ. ಬಸವಣ್ಣನ ಹೆಸರು ಹೇಳ್ಕೊಂಡು ಸುರಿದೀವಿ ಅನ್ನೋರು, ಆ ಮಾತು ಬಂದಾಗ ಅವರ ಜೋಡಿ ಯಾರೂ ಚರ್ಚಾ ಮಾಡಬಾರದು, ಸಿಟ್ಟಿಗೇಳೋರು.

ಸಿಟ್ಟು ಅಂದ್ರ ಸಿಟ್ಟೇ ರೀ. ದೇವರಂಥ ಮನುಷ್ಯಾ ಅಂತ ಮೊನ್ನಿ ಒಬ್ರು ಭಾಷಣ ಹೊಡೆದ್ರು, ಹಂಗೇನಿಲ್ಲ. ಐದು ನಿಮಿಷ ತಡಾ ಆದ್ರ ಬಸ್ ಸ್ಟ್ಯಾಂಡ್ ಕೇಳೋಹಂಗ ಒದರೋರು. ಜಿಪುಣತನ ಎಷ್ಟಂದ್ರ ಚಾದ ಪುಡಿ ಚೀಲ ಒಂದನ್ನ ಎರಡು ಸಲ ಅದ್ದೋರು, ಕುಂಬಾರರ ಜೋಡಿ ಒಂದು ರಂಜಣಗಿಗೆ ಇಪ್ಪತ್ತು ರೂಪಾಯಿ ಸಲುವಾಗಿ ಜಗಳ. ಸ್ವಂತ ಊರಿನೋರು ಗುಡಿಗೆ ಗೋಪುರ ಕಟ್ಟಿಸಿಕೊಡ್ರಿ ಅಂತ ಬಂದಾಗ, ದೇವರಿಗೆ ಬಿಸಲು ಹತ್ತಂಗಿಲ್ಲ ಅಂತ ಹೇಳಿ ಕಳಿಸಿ ಊರೇ ಎದುರು ಹಾಕ್ಕೊಂಡಿದ್ರು. ಮಗಳ ಮದಿವಿ ಬಗ್ಗೆನೂ ನಾಕೈದು ವರ್ಷ ಮಾತು ಬಿಟ್ಟಿದ್ರು, ಅಳಿಯ ಅಲ್ಲಿಯವ ಅಂತ, ಅದು ತಪ್ಪಾತು ಅಂತ ಆಮ್ಯಾಲ ತಾವೇ ಹೇಳ್ಯಾರ. ಇದನ್ನೂ ಬರೀದೆ ಬಿಟ್ರ ನಾನೂ ಬ್ಯಾನರ್ ಕಟ್ಟಿದಂಗೇ ಆಗ್ತದ.

2020ರ ಮಾರ್ಚ್‌ನಾಗ ದೇಶದೊಳಗ ಕೊರೋನಾದ ಮೊದಲನೇ ಸಾವು ನಮ್ಮ ಕಲಬುರಗಿದೇ ಆತಲ್ಲ, ಕಾಕಾ ಆವಾಗ ಇಲ್ಲೇ ಇದ್ರು. ಮಗಳು ಅಲ್ಲಿಂದ ಅಳ್ತಾಳ, ಇವರು ಇಲ್ಲಿ ರಂಜಣಗಿ ತೊಳೀತಾರ. ಲಾಕ್‌ಡೌನ್ ಬಿದ್ದ ಮ್ಯಾಲ ಒಂದೇ ಗ್ಲಾಸಿನ ನೀರು ಸರಿಯಲ್ಲ ಅಂತ ತಾವೇ ಬಂದ್ ಮಾಡಿದ್ರು, ಅಷ್ಟು ಬುದ್ಧಿ ಇತ್ತು. ಮೇದಾಗ ಮುಂಬೈ ಪುಣೆದಿಂದ ನಮ್ಮ ತಾಂಡಾದ ಮಂದಿ, ಹಳ್ಳಿ ಮಂದಿ ಕೂಸು ಕುನ್ನಿ ಕಟ್ಟಿಕೊಂಡು ವಾಪಸ್ ಬರಲಿಕ್ಕ ಹತ್ತಿದಾಗ, 74 ವರ್ಷದ ಮುದುಕ ಮುಖಕ್ಕ ಎರಡು ಮಾಸ್ಕ್ ಹಾಕ್ಕೊಂಡು ರಸ್ತಾದ ಬಾಜು ಬಾಟಲಿ ಇಟ್ಟು ಹತ್ತು ಹೆಜ್ಜಿ ಹಿಂದ ಸರಿದು ನಿಲ್ಲೋರು, ಅವರು ತಗೊಂಡು ಹೋದ ಮ್ಯಾಲ ಇನ್ನೊಂದು ಇಡೋರು. ಅದೇ ಕೊನೀದು ಅನ್ಕೊಂಡಿದ್ದೆ, ಆಮ್ಯಾಲೂ ಎರಡು ಸಲ ಬಂದ್ರು. ಕೊನೀ ಸಲ ವ್ಹೀಲ್‌ಚೇರ್‌ನಾಗ ನಮ್ಮೂರ ವಿಮಾನ ನಿಲ್ದಾಣಕ್ಕ ಇಳಿದ್ರು, 8 ಡಾಲರ್ ಹಿಡ್ಕೊಂಡು ರೈಲು ಹತ್ತಿದ ಊರಿಗೆ ವಿಮಾನ ಬಂತಲ್ಲೋ ಅಂತ ನಕ್ಕಿದ್ರು.

ಈ ಜನವರಿದಾಗ ಹೋದ್ರು, ಅಲ್ಲೇ. ಎಲ್ಲಿ ಸಾಯ್ತೀನಿ ಅಲ್ಲೇ ಮಣ್ಣು ಮಾಡ್ರಿ, ನನ್ನ ಹೆಣದ ಕಾಗದಪತ್ರಕ್ಕ ಯಾರೂ ಓಡಾಡಬಾರದು ಅಂತ ಮೊದಲೇ ಬರೆದಿಟ್ಟಿದ್ರು. ಮಣ್ಣು ಮಾಡೋ ಹೊತ್ತಿಗೆ ನಮ್ಮಲ್ಲಿ ರಾತ್ರಿ ಎಂಟೂವರಿ, ಅಲ್ಲಿ ಮುಂಜಾನಿ ಹತ್ತು. ಇಲ್ಲಿಂದ ಸ್ವಾಮಿಗಳು ವಾಟ್ಸಪ್ ವಿಡಿಯೋದಾಗ ಹೇಳಿಕೊಟ್ರು, ಅಲ್ಲಿ ಅಳಿಯ, ಅದೇ ಮಾತು ಬಿಟ್ಟಿದ್ದ ಅಳಿಯ, ಒಂದೊಂದೇ ಅಕ್ಷರ ತಪ್ಪು ತಪ್ಪಾಗಿ ಮಂತ್ರ ಹೇಳಿ ವಿಭೂತಿ ಹಚ್ಚಿದ. ನೆಲ ಹೆಪ್ಪುಗಟ್ಟಿತ್ತಂತ, ಮಷಿನ್ ತಂದು ತೋಡಿದ್ರು. ಕೂಡಿಸಿ ಮಣ್ಣು ಮಾಡಲಿಕ್ಕ ಅಲ್ಲಿ ಬಿಡಲಿಲ್ಲ, ಪೆಟ್ಟಿಗ್ಯಾಗ ಮಲಗಿಸಿಯೇ ಇಟ್ರು. ಸ್ವಾಮಿಗಳು ಒಂದು ಗಳಿಗಿ ಸುಮ್ನಾಗಿ, ಇರಲಿ ಬಿಡ್ರಿ, ಭಾಳ ಓಡಾಡ್ಯಾರ ಮಲಗಲಿ ಅಂದ್ರು. ಬಾಯಾಗ ನೀರು ಬಿಟ್ಟಿದ್ದು ಮಗಳು, ಹಿಂದಿನ ದಿನ. ಅದನ್ನ ಕೇಳಿ ನನಗ ಸಮಾಧಾನ ಆತು.

ಇನ್ನ ಮೊನ್ನಿನ ನುಡಿನಮನ. ಯಾವ ಸಂಘ ಅಂತ ಬರೆಯಂಗಿಲ್ಲ, ಒಳ್ಳೇ ಮನಸಿಂದೇ ಮಾಡ್ಯಾರ. ಬ್ಯಾನರ್‌ನಾಗ ಕಾಕಾನ ಫೋಟೋ ಸಣ್ಣದು, ಉಳಿದೋರದು ದೊಡ್ಡದು, ಅದು ಇರಲಿ. ಲಂಡನ್‌ದಾಗ ಥೇಮ್ಸ್ ದಂಡಿಗೆ ಬಸವಣ್ಣನ ಮೂರ್ತಿ ನಿಂತದ, ಅದರ ಸಲುವಾಗಿ ಓಡಾಡಿದ, ಅಲ್ಲಿನ ಲ್ಯಾಂಬೆತ್ ಭಾಗದ ಮಾಜಿ ಮೇಯರ್ ನೀರಜ್ ಪಾಟೀಲರು ನಮ್ಮ ಕಲಬುರಗಿಯೋರೇ, ಹಂಗ ಇಲ್ಲಿ ನಮ್ಮ ಡಾಕ್ಟ್ರದು ಒಂದು ನಿಲ್ಲಬೇಕು ಅಂತ ಒಬ್ರು ಹೇಳಿದ್ರು, ಚಪ್ಪಾಳಿ ಬಿತ್ತು. 2015ಕ್ಕ ಆ ಮೂರ್ತಿ ಅನಾವರಣ ಆದಾಗ ಕಾಕಾನೂ ಫೋನ್ ಮಾಡಿ ಖುಷಿ ಪಟ್ಟಿದ್ರು, ಖರೆ. ಆದ್ರ ಬಸವಣ್ಣ ಬಸವಣ್ಣ, ಕಾಕಾ ಕಾಕಾ. ಮೂರ್ತಿಗೆ ಎಷ್ಟಾಗ್ತದ ಅಂತ ಸಭಾದಾಗ ಲೆಕ್ಕ ಹಾಕಿದ್ರು, ಹತ್ತು ಹನ್ನೆರಡು ಲಕ್ಷ. ಹತ್ತು ರಂಜಣಗಿ, ಉಸುಕು, ಗೋಣಿಚೀಲ, ಗ್ಲಾಸು, ಗುಳಿಗಿ, ಟ್ಯಾಂಕರ್ ಎಲ್ಲಾ ಕೂಡಿ ಒಂದು ಬ್ಯಾಸಿಗಿಗೆ ನಮಗ ಹೋದ ವರ್ಷ ಬಂದಿದ್ದು 38 ಸಾವಿರ, ಪುಸ್ತಕ ನನ್ನ ಹತ್ರ ಅದ, ಯಾರು ಬೇಕಾದ್ರೂ ನೋಡಬಹುದು. ಸಭಾ ಮುಗಿದ ಮ್ಯಾಲ ನಾನು ಸ್ಟೇಜ್ ಕೆಳಗ ನಿಂತು, ಈ ವರ್ಷ ನೀರು ತುಂಬಲಿಕ್ಕ ದಿನಾ ಮುಂಜಾನಿ ಆರಕ್ಕ ಯಾರು ಬರ್ತೀರಿ ಅಂತ ಕೇಳಿದೆ. ಎಲ್ಲಾರೂ ಊಟಕ್ಕ ಹೋಗ್ಯಾರ ಅಂತ ಮೈಕಿನ ಹುಡುಗ ಹೇಳಿದ. ಅವನೇ ಬರ್ತೀನಿ ಅಂದಾನ, ಮಂಗಳವಾರ ಬಿಟ್ಟು.

ಅದಕ್ಕ ಸಂಪಾದಕರೇ, ಈ ಪತ್ರ ಹಾಕೋದಾದ್ರ ಇಷ್ಟು ಹಾಕ್ರಿ. ಶಿವರಾತ್ರಿ ಆದ ಮೊದಲನೇ ಶನಿವಾರ ಕುಂಬಾರ ಓಣಿಗೆ ರಂಜಣಗಿ ತರಲಿಕ್ಕ ಹೊಂಟೀವಿ, ಟಂಟಂ ಗಾಡಿ ಹೇಳಿ ಆಗೇದ. ನಾನು, ಮೈಕಿನ ಹುಡುಗ, ರೋಜಾ ಓಣಿ ಕಡಿಯಿಂದ ಕಾಕಾನ ಹಳೇ ದೋಸ್ತರ ಮೊಮ್ಮಗ, ಮೂರು ಮಂದಿ ಆಗೀವಿ. ಆಸ್ಪತ್ರಿ ಗೇಟಿನ ನಾಕಕ್ಕ ಇನ್ನೂ ಯಾರೂ ಸಿಕ್ಕಿಲ್ಲ. ಅಲ್ಲಿ ಮುಂಜಾನಿ ಆರರಿಂದ ಏಳು, ಮಧ್ಯಾಹ್ನ ಒಂದಕ್ಕ ಒಮ್ಮೆ ತುಂಬಬೇಕು, ಕೊಡ ನಾವು ಕೊಡ್ತೀವಿ, ಫೋಟೋ ತೆಗೆಯಂಗಿಲ್ಲ. ಬರೋರು ಬಸ್ ಸ್ಟ್ಯಾಂಡ್ ಎದುರಿನ ಬೇವಿನ ಗಿಡದ ಕೆಳಗ ಬಂದು ಕಂಡಕ್ಟರ್ ಎಲ್ಲಿ ಅಂತ ಕೇಳ್ರಿ. ಐದು ನಿಮಿಷ ತಡಾ ಆದ್ರ ನಾ ಒದರಂಗಿಲ್ಲ.

ಇಂತಿ ನಿಮ್ಮ ಓದುಗ,
ನಿವೃತ್ತ ಕಂಡಕ್ಟರ್, ಕಲಬುರಗಿ